ಬಾರ್‌ಗೆ ಬೀಗ ಹಾಕಿದ್ರೆ ಮತ ಉಳಿಯುತ್ತಾ?

ಮತದಾನ ಮುಗಿಯೋಕೆ ಇನ್ನು 48 ಗಂಟೆ ಇದೆ ಅನ್ನುವಾಗ ಈ ದೇಶದಲ್ಲಿ ಎರಡು ಅಂಗಡಿಗಳ ಬಾಗಿಲು ಒಟ್ಟಿಗೆ ಬೀಳುತ್ತೆ. ಒಂದು ಬಾರ್. ಇನ್ನೊಂದು ನಮ್ಮದು, ಅಂದ್ರೆ ಟಿವಿಯವರದು. ಅಷ್ಟು ಹೊತ್ತು ಮದ್ಯ ಮಾರೋ ಹಾಗಿಲ್ಲ. ಅಷ್ಟೇ ಹೊತ್ತು ಆ ಕ್ಷೇತ್ರದ ಫಲಿತಾಂಶದ ಮೇಲೆ ಪ್ರಭಾವ ಬೀರುವಂಥ ಚುನಾವಣಾ ವಿಷಯವನ್ನ ನಾವು ತೋರಿಸೋ ಹಾಗಿಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ 135-ಸಿ ಕಲಂ ಅವರಿಗೆ, 126ನೇ ಕಲಂ ನಮಗೆ. ಎರಡೂ ಈಗಿನ ರೂಪಕ್ಕೆ ಬಂದದ್ದು ಒಂದೇ ತಿದ್ದುಪಡಿಯಿಂದ, ಜಾರಿಯಾದದ್ದು ಒಂದೇ ದಿನ: 1996ರ ಆಗಸ್ಟ್ 1. ಅಂದ್ರೆ ಕಾನೂನಿನ ಲೆಕ್ಕದಲ್ಲಿ ಮತದಾರನ ತಲೆ ಕೆಡಿಸೋ ವಸ್ತುಗಳು ಎರಡು. ಮದ್ಯ ಮತ್ತು ಮಾತು.

ಮಾತಿನ ವಿಷಯ ಇನ್ನೊಂದು ದಿನ ನೋಡೋಣ. ಇವತ್ತು ಮದ್ಯದ ಕಥೆ. ಈ ಕಥೆ ಸುಮಾರು 270 ವರ್ಷ ಹಳೆಯದು. ಆದರೆ ನನಗೆ ಅದು ಶುರುವಾದದ್ದು 2004ರ ಏಪ್ರಿಲ್‌ನಲ್ಲಿ.

ಆಗ ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಕೋಲಾರ ಕಡೆಯ ನಮ್ಮ ಹಳ್ಳಿಯಲ್ಲಿ ರಜೆ ಕಳೀತಿದ್ದೆ. ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೆ ಚುನಾವಣೆ. ಆ ಕಾಲದಲ್ಲಿ ಪ್ಯಾಕೆಟ್ ಸಾರಾಯಿ ಇತ್ತು. ಸರ್ಕಾರ ಅದನ್ನ ನಿಷೇಧ ಮಾಡಿದ್ದು 2007ರ ಜುಲೈ 1ರಿಂದ. ಅಂಗಡಿಗೆ ಬೀಗ ಬೀಳೋಕೆ ಎರಡು ದಿನ ಮುಂಚೆನೇ ಸರಕು ಬಂದು ನಮ್ಮ ಓಣಿಯ ಒಬ್ಬರ ಹಿತ್ತಲಲ್ಲಿ, ಹುಲ್ಲಿನ ಬಣವೆ ಒಳಗೆ ಸೇರಿತ್ತು. ಯಾರಿಗೆ ಎಷ್ಟು ಅನ್ನೋದಕ್ಕೆ ಚೀಟಿ ಬೇಕಿತ್ತು. ಊರಲ್ಲಿ ಅಕ್ಷರ ದುಂಡಗಿದ್ದ ಹುಡುಗ ನಾನೇ. ರಫ್ ನೋಟ್ ಪುಸ್ತಕದ ಹಾಳೆ ಕತ್ತರಿಸಿ, ಮನೆಯ ಯಜಮಾನನ ಹೆಸರು, ಮತಗಳ ಸಂಖ್ಯೆ, ಪ್ಯಾಕೆಟ್‌ಗಳ ಸಂಖ್ಯೆ ಬರೆದು ಕೊಡೋ ಕೆಲಸ. ಐವತ್ತು ರೂಪಾಯಿ ಕೊಟ್ಟರು. ನನ್ನ ಜೀವನದ ಮೊದಲ ಸಂಪಾದನೆ ಅದು. ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ, ಆದರೂ ಹೇಳ್ತಿದ್ದೀನಿ.

ಪಕ್ಕದ ಮನೆಯವರು ಗಾರೆ ಕೆಲಸದವರು. ಆ ಮನೆಯಲ್ಲಿ ನಾಲ್ಕು ಮತ. ನಾಲ್ಕೂ ಜನರ ಪಾಲನ್ನ ಅವರೊಬ್ಬರೇ ತಗೊಂಡು ಹೋದರು. ಆ ಸಂಜೆ ಅವರ ಹೆಂಡತಿ ನನ್ನ ಹತ್ರ ಬಂದು ಕೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. "ಓದೋ ಹುಡುಗ ನೀನು. ನನ್ನ ಮತದ ಚೀಟಿ ಬೇರೆ ಮಾಡಿ, ಅದರ ಮೇಲೆ ಎರಡು ಸೇರು ಅಕ್ಕಿ ಅಂತ ಬರಿಯಪ್ಪಾ." ನನಗೆ ಉತ್ತರ ಹೊಳೀಲಿಲ್ಲ. "ಅದು ನನ್ನ ಕೈಲಿಲ್ಲ ಅಕ್ಕಾ" ಅಂದೆ. ಮತದಾನ ಮುಗಿದ ಮೇಲೂ ಎರಡು ದಿನ ಆ ಮನುಷ್ಯ ಕೆಲಸಕ್ಕೆ ಹೋಗಲಿಲ್ಲ.

ಅಂದು ಊರಿನ ಸಾರಾಯಿ ಅಂಗಡಿಗೆ ಬೀಗ ಇತ್ತು. ಕಾನೂನು ಅಕ್ಷರಶಃ ಪಾಲನೆಯಾಗಿತ್ತು. ಹಾಗಾದ್ರೆ ಆ ಬೀಗ ಕಾಪಾಡಿದ್ದು ಏನನ್ನ? ಈ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದರೆ ನಾವು ಹೋಗಿ ನಿಲ್ಲೋದು ಅಮೆರಿಕದಲ್ಲಿ, ಅದೂ ಜಾರ್ಜ್ ವಾಷಿಂಗ್ಟನ್ ಮನೆ ಬಾಗಿಲಲ್ಲಿ.

1758. ಅಮೆರಿಕ ಇನ್ನೂ ಬ್ರಿಟಿಷರ ವಸಾಹತು. ವರ್ಜೀನಿಯಾದ ಶಾಸನಸಭೆಗೆ ಫ್ರೆಡರಿಕ್ ಕೌಂಟಿಯಿಂದ 26 ವರ್ಷದ ವಾಷಿಂಗ್ಟನ್ ಸ್ಪರ್ಧೆ. ಮೂರು ವರ್ಷದ ಹಿಂದೆ ಅದೇ ಜಾಗದಲ್ಲಿ ಬರೀ 40 ಮತ ಪಡೆದು ಸೋತಿದ್ದವರು. ಈ ಸಲ ಅವರ ಕಡೆಯವರು ಮತದಾರರಿಗೆ ಹಂಚಿದ ಪಟ್ಟಿ ನೋಡಿ: ರಮ್ 28 ಗ್ಯಾಲನ್, ರಮ್ ಬೆರೆಸಿದ ಪಂಚ್ 50 ಗ್ಯಾಲನ್, ವೈನ್ 34, ಬಿಯರ್ 46, ಸೇಬಿನ ಮದ್ಯ 2. ಒಟ್ಟು 160 ಗ್ಯಾಲನ್. ಬಿಲ್ಲು 39 ಪೌಂಡ್ ಚಿಲ್ಲರೆ. ಮತ ಹಾಕಿದವರು ಸುಮಾರು 390 ಜನ. ಇಂಜಿನಿಯರಿಂಗ್ ಓದಿದ ಚಟ, ಲೆಕ್ಕ ಹಾಕದೆ ಇರೋಕಾಗಲ್ಲ. ತಲಾ ಒಂದೂವರೆ ಲೀಟರ್! ವಾಷಿಂಗ್ಟನ್‌ಗೆ ಬಿದ್ದದ್ದು ಸುಮಾರು 310 ಮತ. ಭರ್ಜರಿ ಗೆಲುವು.

ಸ್ವಾರಸ್ಯ ಏನು ಗೊತ್ತಾ? ಅಭ್ಯರ್ಥಿ ಊರಲ್ಲೇ ಇರಲಿಲ್ಲ. ಸೈನ್ಯದ ಕೆಲಸದ ಮೇಲೆ ದೂರದ ಕೋಟೆಯಲ್ಲಿದ್ದರು. ತಮ್ಮ ಪರವಾಗಿ ಕೂತಿದ್ದ ಗೆಳೆಯನಿಗೆ ಆಮೇಲೆ ಪತ್ರ ಬರೆದರು. ವಿರುದ್ಧ ಮತ ಹಾಕಿದವರಿಗೂ ಭೇದ ಮಾಡದೆ ಕೊಟ್ಟಿದ್ದೀರಿ ಅಂದ್ಕೋತೀನಿ, ನನ್ನ ಭಯ ಇಷ್ಟೇ, ನೀವು ಕೈ ಬಿಗಿ ಹಿಡಿದು ಖರ್ಚು ಮಾಡಿರಬಹುದು ಅನ್ನೋ ಅರ್ಥದ ಮಾತು ಅದರಲ್ಲಿದೆ. ಹೀಗೆ ಕುಡಿಸೋದನ್ನ ತಡೆಯುವ ಕಾನೂನು ವರ್ಜೀನಿಯಾದಲ್ಲಿ ಆಗಲೇ ಇತ್ತು. ಪುಸ್ತಕದಲ್ಲಿ.

ಇದಕ್ಕೆ ವಿರುದ್ಧದ ಕಥೆ ಜೇಮ್ಸ್ ಮ್ಯಾಡಿಸನ್ ಅವರದು. ಅಮೆರಿಕ ಸಂವಿಧಾನದ ಪಿತಾಮಹ ಅಂತ ಕರೆಸಿಕೊಂಡ, ಮುಂದೆ ನಾಲ್ಕನೇ ಅಧ್ಯಕ್ಷರಾದ ಮ್ಯಾಡಿಸನ್ 1777ರಲ್ಲಿ ಅದೇ ವರ್ಜೀನಿಯಾದಲ್ಲಿ ಚುನಾವಣೆಗೆ ನಿಂತರು. ಮತಕ್ಕೆ ಮದ್ಯ ಕೊಡೋದಿಲ್ಲ ಅಂತ ಹಠ ಹಿಡಿದರು. ಸೋತರು. ಗೆದ್ದವರು ಯಾರು? ಊರಿನ ಹೆಂಡದಂಗಡಿ ನಡೆಸ್ತಿದ್ದವರು.

ಈಗ ಒಂದು ಮುಖ್ಯ ವಿಷಯ ಗಮನಿಸಿ. ಅಂದಿನ ವರ್ಜೀನಿಯಾದಲ್ಲಿ ಮತಪತ್ರ ಇರಲಿಲ್ಲ, ಪರದೆ ಇರಲಿಲ್ಲ. ಮತದಾರ ಮೇಜಿನ ಮುಂದೆ ನಿಂತು, ಎಲ್ಲರಿಗೂ ಕೇಳುವ ಹಾಗೆ ತನ್ನ ಅಭ್ಯರ್ಥಿಯ ಹೆಸರು ಕೂಗಿ ಹೇಳಬೇಕು. ಅಭ್ಯರ್ಥಿ ಅಥವಾ ಅವರ ಕಡೆಯವರು ಅಲ್ಲೇ ಕೂತು ಧನ್ಯವಾದ ಹೇಳ್ತಿದ್ದರು. ಅಂದ್ರೆ ಕುಡಿಸಿದವನಿಗೆ ಕಣ್ಣ ಮುಂದೆಯೇ ರಸೀದಿ ಸಿಗ್ತಿತ್ತು. ಕೊಟ್ಟ ದುಡ್ಡಿಗೆ ಸರಕು ಬಂತೋ ಇಲ್ಲವೋ ಅನ್ನೋದು ಖಾತ್ರಿ ಆಗ್ತಿತ್ತು. ಮದ್ಯದ ಬಲ ಬಾಟಲಿಯಲ್ಲಿ ಇರಲಿಲ್ಲ, ಈ ರಸೀದಿಯಲ್ಲಿತ್ತು.

ಇಂಗ್ಲೆಂಡ್ ಏನೂ ಕಮ್ಮಿ ಇರಲಿಲ್ಲ. 1754ರ ಆಕ್ಸ್‌ಫರ್ಡ್‌ಶೈರ್ ಚುನಾವಣೆಯ ಹಿನ್ನೆಲೆಯಲ್ಲಿ ವಿಲಿಯಂ ಹೊಗಾರ್ತ್ ಅನ್ನೋ ಕಲಾವಿದ ನಾಲ್ಕು ಚಿತ್ರ ಬರೆದಿದ್ದಾನೆ. ಮೊದಲ ಚಿತ್ರವೇ ಮತದಾರರಿಗೆ ಹೋಟೆಲಿನಲ್ಲಿ ಕೊಟ್ಟ ಔತಣಕೂಟದ್ದು. ಕುಡಿದು ಬಿದ್ದವರು, ತಲೆ ಒಡೆದುಕೊಂಡವರು, ಎಲ್ಲ ಇದ್ದಾರೆ. ಅಲ್ಲೂ ಮತ ಬಹಿರಂಗ. ಅಲ್ಲೂ ರಸೀದಿ ಕೈಯಲ್ಲಿ.

ಅಮೆರಿಕದಲ್ಲಿ ಮುಂದೆ ಇನ್ನೂ ಒಂದು ಹೆಜ್ಜೆ ಹೋಯ್ತು. ಸರ್ಕಾರಿ ಕಟ್ಟಡಗಳು ಕಮ್ಮಿ ಇದ್ದ ಕಾಲ, ಎಷ್ಟೋ ಕಡೆ ಹೆಂಡದಂಗಡಿಯೇ ಮತಗಟ್ಟೆ! 1849ರ ಅಕ್ಟೋಬರ್ 3, ಬಾಲ್ಟಿಮೋರ್ ನಗರದಲ್ಲಿ ಮತದಾನದ ದಿನ. ಮತಗಟ್ಟೆಯಾಗಿದ್ದ ಒಂದು ಹೆಂಡದಂಗಡಿಯಲ್ಲಿ ಅರೆಪ್ರಜ್ಞೆಯ ಸ್ಥಿತಿಯಲ್ಲಿ ಒಬ್ಬ ಮನುಷ್ಯ ಸಿಕ್ಕ. ಮೈಮೇಲೆ ಯಾರದೋ ಬಟ್ಟೆ. ನಾಲ್ಕು ದಿನಕ್ಕೆ ತೀರಿಹೋದ. ಆತ ಎಡ್ಗರ್ ಅಲನ್ ಪೋ, ಜಗತ್ತು ಇವತ್ತಿಗೂ ಓದುವ ಕಥೆಗಾರ. ಆಗಿನ ಪುಂಡರು ಜನರನ್ನ ಹಿಡಿದು ಕೂಡಿಹಾಕಿ, ಕುಡಿಸಿ, ಬಟ್ಟೆ ಬದಲಿಸಿ ಬದಲಿಸಿ ಬೂತಿನಿಂದ ಬೂತಿಗೆ ಓಡಿಸಿ ಕಳ್ಳಮತ ಹಾಕಿಸ್ತಿದ್ದರು. ಪೋ ಕೂಡ ಅದಕ್ಕೇ ಬಲಿಯಾದನಾ? ಅದು ಒಂದು ಊಹೆ ಮಾತ್ರ, ಸಾಬೀತಾಗಿಲ್ಲ. ಆದರೆ ಅಂಥ ಊಹೆ ಜನರಿಗೆ ಸಹಜ ಅನ್ನಿಸ್ತು ಅಂದ್ರೆ ಆ ಕಾಲದ ಚುನಾವಣೆ ಹೇಗಿತ್ತು ನೀವೇ ಲೆಕ್ಕ ಹಾಕಿ.

ಇಂಥ ಪರಿಸ್ಥಿತಿಯಲ್ಲಿ ಮತದಾನದ ದಿನ ಹೆಂಡದಂಗಡಿ ಮುಚ್ಚಿ ಅನ್ನೋ ಕಾನೂನುಗಳು ಬಂದವು. ಅವು ಬಂದದ್ದು ತಪ್ಪಲ್ಲ. ಮತಗಟ್ಟೆಯೂ ಮದ್ಯದಂಗಡಿಯೂ ಒಂದೇ ಸೂರಿನಡಿ ಇದ್ದಾಗ ಇನ್ನೇನು ಮಾಡೋಕಾಗುತ್ತೆ? ಆದರೆ ನಿಜವಾಗಿ ಆಟ ಬದಲಿಸಿದ್ದು ಬೇರೆಯೇ ಒಂದು ಉಪಾಯ.

1856ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯ ಗುಪ್ತ ಮತದಾನ ಜಾರಿಗೆ ತಂತು. ಸರ್ಕಾರವೇ ಮತಪತ್ರ ಕೊಡೋದು, ಮತದಾರ ಮರೆಯಲ್ಲಿ ಗುರುತು ಹಾಕೋದು. 1872ರಲ್ಲಿ ಇಂಗ್ಲೆಂಡ್ ಅದನ್ನ ತಗೊಂಡಿತು. ಆ ವರ್ಷ ಆಗಸ್ಟ್ 15ರಂದು ಪಾಂಟಿಫ್ರಾಕ್ಟ್ ಅನ್ನೋ ಊರಿನ ಉಪಚುನಾವಣೆಯಲ್ಲಿ ಮೊದಲ ಪ್ರಯೋಗ. ಆ ಊರು ಜ್ಯೇಷ್ಠಮಧುವಿನ ಮಿಠಾಯಿಗೆ ಹೆಸರುವಾಸಿ. ಮತಪೆಟ್ಟಿಗೆಗೆ ಅರಗಿನ ಮುದ್ರೆ ಒತ್ತಿದ್ದು ಆ ಮಿಠಾಯಿಯ ಅಚ್ಚಿನಿಂದಲೇ! ಗಲಾಟೆ, ಕುಡಿತ ನೋಡೋಕೆ ಬಂದವರಿಗೆ ನಿರಾಸೆ. ಊರು ಶಾಂತವಾಗಿತ್ತು. 1883ರಲ್ಲಿ ಇನ್ನೊಂದು ಕಾನೂನು ಬಂದು ಅಭ್ಯರ್ಥಿಯ ಖರ್ಚಿಗೆ ಮಿತಿ ಹಾಕಿತು, ಮದ್ಯ ಮಾರುವ ಜಾಗದಲ್ಲಿ ಚುನಾವಣಾ ಕಚೇರಿ ತೆರೆಯೋದನ್ನೂ ನಿಲ್ಲಿಸಿತು.

ಪರದೆ ಬಿದ್ದ ಕೂಡಲೇ ಏನಾಯ್ತು? ಕುಡಿಸಿದವನಿಗೆ ರಸೀದಿ ಸಿಗೋದು ನಿಂತುಹೋಯ್ತು. ಕುಡಿದವನು ಒಳಗೆ ಹೋಗಿ ಯಾರಿಗೆ ಹಾಕಿದ ಅನ್ನೋದು ದೇವರಿಗೇ ಗೊತ್ತು. ಗ್ಯಾರಂಟಿ ಇಲ್ಲದ ವ್ಯಾಪಾರಕ್ಕೆ ಯಾರು ಬಂಡವಾಳ ಹಾಕ್ತಾರೆ?

ಅಮೆರಿಕಕ್ಕೆ ಗುಪ್ತ ಮತದಾನ ಬಂದದ್ದು 1888ರ ನಂತರ. ಮೊದಲು ಪ್ರಯೋಗ ಮಾಡಿದ ಜಾಗಗಳಲ್ಲಿ ಕೆಂಟಕಿ ರಾಜ್ಯದ ಲೂಯಿವಿಲ್ ನಗರವೂ ಒಂದು. ಹಳೇ ಅಂಗಡಿ ಮುಚ್ಚುವ ಕಾನೂನುಗಳು ಮಾತ್ರ ಸುಮ್ಮನೆ ಉಳಿದುಕೊಂಡವು, ಯಾರೂ ಬದಲಿಸೋ ಗೋಜಿಗೆ ಹೋಗಲಿಲ್ಲ. ಆಮೇಲೆ ಒಂದೊಂದೇ ರಾಜ್ಯ ಕೈಬಿಟ್ಟಿತು. ಕೆಂಟಕಿ 2013ರಲ್ಲಿ. ಕೊನೆಗೆ 2014ರಲ್ಲಿ ಸೌತ್ ಕ್ಯಾರೊಲಿನಾ. ಆಗ ಅಲ್ಲಿ ಗವರ್ನರ್ ಆಗಿದ್ದವರು ಭಾರತೀಯ ಮೂಲದ ನಿಕ್ಕಿ ಹೇಲಿ. ಬೀಗ ತೆಗೆದರು ಅಂತ ಅಲ್ಲಿ ಮತದಾರರು ತೂರಾಡಿಕೊಂಡು ಬರೋ ಕಾಲವೇನೂ ವಾಪಸ್ ಬರಲಿಲ್ಲ.

ಈಗ ನಮ್ಮ ದೇಶಕ್ಕೆ ಬನ್ನಿ. ನಮಗೆ ಮೊದಲ ಚುನಾವಣೆಯಿಂದಲೇ ಗುಪ್ತ ಮತದಾನ ಸಿಕ್ಕಿತು. ಇಂಗ್ಲೆಂಡ್ ನೂರಾರು ವರ್ಷ ಪರದಾಡಿ ಪಡೆದದ್ದನ್ನ ನಾವು 1951-52ರಲ್ಲೇ ಪಡೆದ್ವಿ. ಆದರೆ ಕುಡಿಸುವ ಅಪರಾಧಕ್ಕೆ ನಮ್ಮ ಕಾನೂನು ಬಂದದ್ದು ಅದಕ್ಕೂ ಮುಂಚೆ, 1920ರಲ್ಲಿ, ಬ್ರಿಟಿಷರ ಕಾಲದಲ್ಲಿ. ಭಾರತೀಯ ದಂಡ ಸಂಹಿತೆಗೆ ಚುನಾವಣಾ ಅಪರಾಧಗಳ ಅಧ್ಯಾಯ ಸೇರಿಸಿದಾಗ ಲಂಚಕ್ಕೆ ಒಂದು ವರ್ಷದವರೆಗೆ ಜೈಲು ಅಂದರು. ಅದರ ಕೆಳಗೆ ಒಂದು ಪುಟ್ಟ ವಿನಾಯಿತಿ. ಲಂಚ ಊಟ, ಪಾನೀಯ, ಮನರಂಜನೆಯ ರೂಪದಲ್ಲಿದ್ದರೆ ಬರೀ ದಂಡ, ಜೈಲು ಇಲ್ಲ! ನೂರು ವರ್ಷ ಆಯ್ತು. 2024ರ ಜುಲೈ 1ರಿಂದ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಹೆಸರು ಬದಲಾಯ್ತು, ಕಲಂ ನಂಬರ್ ಬದಲಾಯ್ತು. ಆ ವಿನಾಯಿತಿ ಹಾಗೇ ಇದೆ.

ಈಗ 135-ಸಿ ಪಕ್ಕಕ್ಕಿಟ್ಟು ಓದಿ. ಆ 48 ಗಂಟೆಯೊಳಗೆ ಮದ್ಯ ಮಾರಿದರೆ, ಕೊಟ್ಟರೆ, ಹಂಚಿದರೆ ಆರು ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಂದ್ರೆ ಮತದಾನದ ಹಿಂದಿನ ರಾತ್ರಿ ಹೊಟ್ಟೆಪಾಡಿಗೆ ನಾಲ್ಕು ಕ್ವಾರ್ಟರ್ ಮಾರಿದ ಅಂಗಡಿ ಹುಡುಗ ಜೈಲಿಗೆ ಹೋಗಬಹುದು. ವಾರ ಮುಂಚೆ ಲಾರಿಗಟ್ಟಲೆ ತರಿಸಿ ಊರಿಗೆಲ್ಲ ಕುಡಿಸಿದವರಿಗೆ, ಆ ಲಂಚದ ಕಲಂ ಪ್ರಕಾರ, ದಂಡ ಕಟ್ಟಿದರೆ ಮುಗೀತು. ಅದು ಭ್ರಷ್ಟ ಆಚರಣೆ ಅಂತ ಹೈಕೋರ್ಟ್‌ನಲ್ಲಿ ಸಾಬೀತಾದರೆ ಆಯ್ಕೆ ರದ್ದಾಗಬಹುದು, ನಿಜ. ಆದರೆ ಸಾಬೀತು ಮಾಡೋಕೆ ಚೀಟಿ ಬರೆದ ಹುಡುಗ ಬಂದು ಸಾಕ್ಷಿ ಹೇಳಬೇಕಲ್ಲ?

2024ರ ಲೋಕಸಭಾ ಚುನಾವಣೆಯ ಲೆಕ್ಕ ಕೇಳಿಸ್ಕೊಳ್ಳಿ. ಮೊದಲ ಹಂತದ ಮತದಾನ ಏಪ್ರಿಲ್ 19ಕ್ಕೆ. ಅದಕ್ಕೂ ಮುಂಚೆಯೇ ದೇಶಾದ್ಯಂತ ಹಿಡಿದ ನಗದು, ವಸ್ತು ಎಲ್ಲ ಸೇರಿ 4,650 ಕೋಟಿ ರೂಪಾಯಿ ದಾಟಿದೆ ಅಂತ ಚುನಾವಣಾ ಆಯೋಗ ಹೇಳಿತು. ಅದರಲ್ಲಿ ಮದ್ಯವೇ ಮೂರೂವರೆ ಕೋಟಿ ಲೀಟರ್‌ಗಿಂತ ಹೆಚ್ಚು. ದೇಶದ ಮತದಾರರು ಸುಮಾರು 97 ಕೋಟಿ. ಭಾಗಿಸಿ ನೋಡಿ. ತಲಾ ಒಂದು ಸ್ಮಾಲ್ ಪೆಗ್ಗಿಗಿಂತ ಸ್ವಲ್ಪ ಜಾಸ್ತಿ, ಹಸುಗೂಸಿನ ತಾಯಿಗೂ ನೂರು ದಾಟಿದ ಅಜ್ಜಿಗೂ ಸೇರಿಸಿ. ಇದು ಸಿಕ್ಕಿಬಿದ್ದದ್ದು ಮಾತ್ರ. ಇನ್ನೂ ಮುಖ್ಯವಾದ ವಿಷಯ, ಇಷ್ಟು ಹಿಡಿದಾಗ ದೇಶದಲ್ಲಿ ಎಲ್ಲೂ ಆ 48 ಗಂಟೆ ಶುರುವೇ ಆಗಿರಲಿಲ್ಲ. ಬಾರ್‌ಗಳೆಲ್ಲ ತೆರೆದೇ ಇದ್ದವು. ಬೀಗ ಬೀಳೋ ಹೊತ್ತಿಗೆ ಸರಕು ಬಣವೆ ಸೇರಿರುತ್ತೆ. ನಾನು ಕಣ್ಣಾರೆ ಕಂಡದ್ದೂ ಅದನ್ನೇ.

ಗುಪ್ತ ಮತದಾನ ಇದ್ದೂ ನಮ್ಮಲ್ಲಿ ಈ ವ್ಯಾಪಾರ ಯಾಕೆ ನಿಂತಿಲ್ಲ? ಇದಕ್ಕೆ ಕಾರಣ ಒಂದೇ ಅಲ್ಲ. ಎದುರಾಳಿ ಕೊಟ್ಟಾಗ ನಾನು ಕೊಡದಿದ್ದರೆ ಕೆಟ್ಟೆ ಅನ್ನೋ ಭಯ ಒಂದು. ಬಡತನ ಇನ್ನೊಂದು. ಆದರೆ ಮೂರನೇ ಕಾರಣವನ್ನ ನಮ್ಮೂರು ನನಗೆ ಕಲಿಸಿತು.

ಆ 2004ರ ಫಲಿತಾಂಶ ಬಂದು ಕೆಲವೇ ದಿನ. ನಮ್ಮೂರಿನ ಬೋರ್‌ವೆಲ್ ಮೋಟರ್ ಸುಟ್ಟುಹೋಯ್ತು. ಹಿರಿಯರು ಮುಖಂಡರ ಬಳಿ ಹೋದರು. ಅವರು ಜೇಬಿಂದ ಒಂದು ಹಾಳೆ ತೆಗೆದರು. ನಮ್ಮ ಬೂತಿನಲ್ಲಿ ಯಾರಿಗೆ ಎಷ್ಟು ಮತ ಬಿದ್ದಿದೆ ಅನ್ನೋ ಲೆಕ್ಕ. "ಪ್ಯಾಕೆಟ್ ನಮ್ಮದು, ಮತ ಅವರಿಗಾ? ಅವರನ್ನೇ ಕೇಳ್ಕೊಳ್ಳಿ ನೀರು" ಅಂದರಂತೆ. ಆ ಮೋಟರ್ ರಿಪೇರಿ ಆಗೋಕೆ ಒಂದೂವರೆ ತಿಂಗಳು ಹಿಡೀತು. ಅಲ್ಲಿವರೆಗೆ ಪಕ್ಕದೂರಿಂದ ಬಿಂದಿಗೆ ಹೊತ್ತು ತಂದವರು ಯಾರು? ಕುಡಿದವರಲ್ಲ. ಅಕ್ಕಿ ಕೇಳಿದ ಆ ಅಕ್ಕ, ನಮ್ಮಮ್ಮ, ಅಂಥವರೇ.

ಅರ್ಥ ಆಯ್ತಲ್ಲ? ಒಬ್ಬೊಬ್ಬರ ಮತ ಗುಪ್ತ. ಆದರೆ ಒಂದು ಬೂತಿನ ಮತ ಬಹಿರಂಗ. ಪ್ರತಿ ಬೂತಿನ ಯಂತ್ರವನ್ನ ಬೇರೆ ಬೇರೆಯಾಗಿ ಎಣಿಸಿ ಲೆಕ್ಕ ಪ್ರಕಟಿಸ್ತಾರೆ. ಸಾವಿರ, ಸಾವಿರದ ಇನ್ನೂರು ಮತದ ಬೂತಿನಲ್ಲಿ ಯಾವ ಓಣಿ ಯಾರ ಕಡೆ ಅಂತ ಊಹಿಸೋದು ಕಷ್ಟವಲ್ಲ. ವರ್ಜೀನಿಯಾದ ಆ ಹಳೇ ರಸೀದಿ ವೇಷ ಬದಲಿಸಿ ವಾಪಸ್ ಬಂದಿದೆ. ಒಬ್ಬನ ಹೆಸರಲ್ಲಿ ಸಿಗ್ತಿದ್ದ ರಸೀದಿ ಈಗ ಊರಿನ ಹೆಸರಲ್ಲಿ ಸಿಗ್ತಿದೆ. ಇದು ನಮ್ಮೊಂದೂರಿನ ಕಥೆ ಅಲ್ಲ. 2019ರಲ್ಲಿ ಉತ್ತರ ಪ್ರದೇಶದಲ್ಲಿ ಕೇಂದ್ರ ಸಚಿವರೊಬ್ಬರು, ಸಿಕ್ಕ ಮತದ ಪ್ರಮಾಣ ನೋಡಿ ಹಳ್ಳಿಗಳನ್ನ ಎ, ಬಿ, ಸಿ, ಡಿ ಅಂತ ವಿಂಗಡಿಸಿ ಕೆಲಸ ಕೊಡೋ ಮಾತನ್ನ ಬಹಿರಂಗ ಸಭೆಯಲ್ಲೇ ಆಡಿದ್ದರು. ಆಯೋಗ ಅದನ್ನ ಖಂಡಿಸಿತು.

ಇದಕ್ಕೆ ಪರಿಹಾರ ಇಲ್ವಾ? ಇದೆ. ಕಾಗದದ ಮತಪತ್ರದ ಕಾಲದಲ್ಲಿ, ಬೆದರಿಕೆಯ ಭಯ ಇದ್ದ ಕಡೆ ಹಲವು ಬೂತುಗಳ ಪತ್ರಗಳನ್ನ ಬೆರೆಸಿ ಎಣಿಸೋ ನಿಯಮ ಇತ್ತು. ಯಂತ್ರ ಬಂದ ಮೇಲೆ ಬೆರೆಸೋದು ಹೇಗೆ? ಅದಕ್ಕೇ ಟೋಟಲೈಸರ್ ಅನ್ನೋ ಉಪಕರಣ. 14 ಯಂತ್ರಗಳವರೆಗೆ ಒಟ್ಟಿಗೆ ಜೋಡಿಸಿ, ಒಟ್ಟು ಮೊತ್ತ ಮಾತ್ರ ತೋರಿಸುತ್ತೆ. ಇದನ್ನ ತಯಾರಿಸಿದ ಸಂಸ್ಥೆಗಳಲ್ಲಿ ನಮ್ಮ ಬೆಂಗಳೂರಿನ ಬಿಇಎಲ್ ಕೂಡ ಒಂದು. ಚುನಾವಣಾ ಆಯೋಗ 2008ರಲ್ಲೇ ಇದನ್ನ ಬಳಸೋಣ ಅಂತ ಕೇಂದ್ರಕ್ಕೆ ಹೇಳಿತು. 2015ರಲ್ಲಿ ಕಾನೂನು ಆಯೋಗ ತನ್ನ 255ನೇ ವರದಿಯಲ್ಲಿ ಬೆಂಬಲ ಕೊಟ್ಟಿತು. ಸರ್ಕಾರ ಒಪ್ಪಲಿಲ್ಲ. ವಿಷಯ ಸುಪ್ರೀಂ ಕೋರ್ಟಿಗೂ ಹೋಗಿ ಬಂತು. ಬೂತ್‌ವಾರು ಲೆಕ್ಕ ಇದ್ದರೆ ಎಲ್ಲಿ ಹೆಚ್ಚು ಕೆಲಸ ಮಾಡಬೇಕು ಅಂತ ಪಕ್ಷಗಳಿಗೆ ಗೊತ್ತಾಗುತ್ತೆ ಅನ್ನೋದು ಒಂದು ವಾದ. ಯಂತ್ರದ ಮೇಲೆ ಅನುಮಾನ ಬಂದರೆ ತಾಳೆ ನೋಡೋಕೆ ಆ ಲೆಕ್ಕ ಬೇಕು ಅನ್ನೋದು ಇನ್ನೊಂದು. ಎರಡನೇ ವಾದವನ್ನ ನಾನು ತಳ್ಳಿಹಾಕಲ್ಲ, ಅದಕ್ಕೆ ದಾರಿ ಹುಡುಕಬೇಕು. ಆದರೆ ಮೊದಲ ವಾದ ಕೇಳಿದಾಗೆಲ್ಲ ನನಗೆ ಸುಟ್ಟುಹೋದ ಮೋಟರ್ ನೆನಪಾಗುತ್ತೆ.

ಹಾಗಾದ್ರೆ ಮತದಾನದ ದಿನ ಬಾರ್ ತೆರೆದುಬಿಡಿ ಅಂತೀರಾ ಅಂತ ನೀವು ಕೇಳಬಹುದು. ಇಲ್ಲ. ಆ ಎರಡು ದಿನ ಬೀದಿ ಶಾಂತವಾಗಿರುತ್ತೆ, ಹೆಣ್ಣುಮಕ್ಕಳು ನೆಮ್ಮದಿಯಿಂದ ಸಾಲಲ್ಲಿ ನಿಲ್ಲಬಹುದು. ಅಷ್ಟಾದರೂ ಇರಲಿ. ಆದರೆ ಬೀಗ ಹಾಕಿದ್ವಿ, ಪ್ರಜಾಪ್ರಭುತ್ವ ಉಳೀತು ಅಂತ ಬೆನ್ನು ತಟ್ಟಿಕೊಳ್ಳೋದು ಬೇಡ. ಬಾರ್ ಬೀಗ ಕುಡಿಯುವವನನ್ನ ತಡೆಯುತ್ತೆ. ಕುಡಿಸುವವನನ್ನ ತಡೆಯೋದು ಪರದೆ. ಆ ಪರದೆಯಲ್ಲಿ ಈಗ ತೂತು ಬಿದ್ದಿದೆ. ಹೊಲಿಯೋಕೆ ಸೂಜಿ ಬೆಂಗಳೂರಲ್ಲೇ ಇದೆ.

ಕೊನೆಯದಾಗಿ ನಮ್ಮಜ್ಜಿಯ ಮಾತು. ಅವತ್ತು ಮತ ಹಾಕಿ ಬಂದ ಅಜ್ಜಿಯನ್ನ, ಯಾರಿಗೆ ಒತ್ತಿದೆ ಅಂತ ಕೇಳಿದೆ. ಅಜ್ಜಿ ಶಾಯಿ ಹಚ್ಚಿದ ಬೆರಳು ನನ್ನ ಮೂಗಿನ ಮುಂದೆ ಹಿಡಿದು ನಕ್ಕಳು. "ಚೀಟಿ ಬರೆದೋನು ನೀನು. ನಿನಗೆ ಹೇಳ್ತೀನಾ?"